ಸಿಪಿಯು ಬೆನ್ನಿನ ಕೆಂಪು ಚುಕ್ಕೆ

ಅತ್ತಿಗೆಯ ಕಂಪ್ಯೂಟರಿಗೆ ಮೆಮೊರಿ ಸಾಲದು.

ಇದು ಹೊಸ ದೂರೇನಲ್ಲ. ಮನೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡವರೆಲ್ಲ ಒಂದಲ್ಲ ಒಂದು ದಿನ ಈ ಮಾತು ಹೇಳಿಯೇ ಇರುತ್ತಾರೆ. ಆದರೆ ಮೂರು ವಾರದ ಹಿಂದೆ ಹದಿನಾರು ಜಿಬಿಯ ಎರಡು ಹೊಸ ಮೆಮೊರಿ ಕಡ್ಡಿ ಹಾಕಿಸಿಕೊಂಡ ಕಂಪ್ಯೂಟರು, ನಿನ್ನೆ ಬೆಳಿಗ್ಗೆ ಎದ್ದದ್ದೇ ನನ್ನ ಹತ್ತಿರ ಇರುವುದು ನಾಲ್ಕೇ ಎಂದು ಹಟ ಹಿಡಿದು ಕೂತರೆ ಅದಕ್ಕೆ ಸಾಲದು ಅನ್ನುವುದಿಲ್ಲ. ಕಳವು ಅನ್ನುತ್ತಾರೆ.

ಹಾಗಂತ ಸೂಜಿಯೇ ಹೇಳಿದಳು. ಹೇಳುವಾಗ ಮೇಜಿನ ಕೆಳಗೆ ಅಂಗಾತ ಮಲಗಿದ್ದಳು. ಕಾಲು ಮಾತ್ರ ಹೊರಗಿತ್ತು.

"ಕಳ್ಳ ಬಂದಿದ್ರೆ ಕಂಪ್ಯೂಟರನ್ನೇ ಎತ್ಕೊಂಡು ಹೋಗ್ತಿದ್ದ ಕಣೇ," ಅಂದಳು ಅತ್ತಿಗೆ, ಆ ಕಾಲಿಗೆ. "ಹೊಟ್ಟೆ ಬಗೆದು ಒಳಗಿಂದ ಎರಡು ಕಡ್ಡಿ ಕಿತ್ಕೊಂಡು, ಮತ್ತೆ ಹೊಟ್ಟೆ ಹೊಲಿದು ಹೋಗೋ ಕಳ್ಳನ್ನ ನಾನು ನೋಡಿಲ್ಲ."

"ನೀವು ಯಾವ ಕಳ್ಳನ್ನೂ ನೋಡಿಲ್ಲ ಅತ್ತಿಗೆ. ನಾನು ನೋಡಿದೀನಿ."

ಅದು ನಿಜ. ಸೂಜಿ ಏಳು ವರ್ಷ ವಿಮಾ ಕಂಪನಿಯಲ್ಲಿ ತನಿಖೆಯ ಕೆಲಸ ಮಾಡಿದವಳು. ಸುಟ್ಟು ಬೂದಿಯಾಯಿತೆಂದು ಬರೆದುಕೊಟ್ಟ ಕಾರು ಪಕ್ಕದೂರಿನಲ್ಲಿ ಬಣ್ಣ ಬದಲಿಸಿಕೊಂಡು ಓಡಾಡುವುದನ್ನು ಕಣ್ಣಾರೆ ಕಂಡವಳು. ಆ ಕೆಲಸ ಬಿಟ್ಟು, ಅಣ್ಣನ ಮನೆಯ ಕಿಟಕಿಗೆ 'ಖಾಸಗಿ ಪತ್ತೆ ಕಾರ್ಯ' ಎಂದು ಬೋರ್ಡು ತೂಗಿ ಒಂದು ವರ್ಷವಾಗಿತ್ತು. ಈವರೆಗೆ ಹುಡುಕಿಕೊಟ್ಟದ್ದು ಎರಡು ಬೆಕ್ಕು, ಒಬ್ಬ ಗಂಡ. ಬೆಕ್ಕುಗಳು ತಾವಾಗಿಯೇ ವಾಪಸು ಬಂದವು. ಗಂಡ ಬರಲಿಲ್ಲ, ಹೆಂಡತಿಯೂ ಬೇಡವೆಂದಳು. ಸೂಜಿ ಅನ್ನುವುದು ಮನೆಯವರು ಇಟ್ಟ ಹೆಸರು. ಸಣ್ಣಗಿರುವುದಕ್ಕೆ ಎಂದು ಅಣ್ಣ ಹೇಳುತ್ತಾನೆ. ಚುಚ್ಚುವುದಕ್ಕೆ ಎಂದು ಅತ್ತಿಗೆ.

"ಸೋಮವಾರ ಬೆಳಿಗ್ಗೆ ಹೋಟೆಲಿನವರ ಮುಂದೆ ಇಡಬೇಕು," ಅಂದಳು ಅತ್ತಿಗೆ. ನಿನ್ನೆಯಿಂದ ಈ ವಾಕ್ಯವನ್ನು ಎಷ್ಟು ಸಲ ಹೇಳಿದ್ದಳೋ. "ಇವತ್ತು ಶನಿವಾರ."

ವಿಷಯ ಇಷ್ಟೇ. ಅತ್ತಿಗೆ ಪೀಠೋಪಕರಣದ ಅಂಗಡಿಯೊಂದರ ಕೌಂಟರಿನಲ್ಲಿ ಹತ್ತು ವರ್ಷ ನಿಂತವಳು. ಮಂಚ ಎಲ್ಲಿಟ್ಟರೆ ಬಾಗಿಲು ಪೂರ್ತಿ ತೆರೆಯುತ್ತದೆ, ಕಪಾಟು ಎಲ್ಲಿಟ್ಟರೆ ತಲೆಗೆ ಬಡಿಯುವುದಿಲ್ಲ ಎಂದು ಗಿರಾಕಿಗಳಿಗೆ ಕೈಯಲ್ಲಿ ಗಾಳಿಯಲ್ಲಿ ಬರೆದು ತೋರಿಸುತ್ತಿದ್ದವಳು ನಿಧಾನಕ್ಕೆ ಅದನ್ನೇ ಕಂಪ್ಯೂಟರಿನಲ್ಲಿ ಬರೆಯಲು ಕಲಿತಳು. ಅಂಗಡಿ ಬಿಟ್ಟು ಮನೆಯಲ್ಲೇ ಮೇಜು ಹಾಕಿಕೊಂಡಳು. ಈಗ ಇನ್ನೂ ಕಟ್ಟುತ್ತಿರುವ ಹೋಟೆಲೊಂದು, ಅದರ ಇಪ್ಪತ್ತನಾಲ್ಕು ಕೋಣೆಗಳ ಒಳಾಂಗಣ, ನಾಲ್ಕು ತಿಂಗಳ ಕೆಲಸ, ಎಲ್ಲ ಒಂದೇ ಫೈಲಿನಲ್ಲಿ. ಹೋಟೆಲಿನವರು ಒಪ್ಪಿದರೆ ಅವಳು ತನ್ನ ಕಾಲ ಮೇಲೆ ನಿಂತಳು. ಒಪ್ಪದಿದ್ದರೆ ಮತ್ತೆ ಅದೇ ಕೌಂಟರು, ಅದೇ ಯಜಮಾನ, ಅದೇ "ಏನಮ್ಮಾ, ಇಷ್ಟು ಬೇಗ ವಾಪಸು ಬಂದ್ಬಿಟ್ಯಾ?"

ಆ ಫೈಲು ತೆರೆಯಬೇಕಾದರೆ ಮೆಮೊರಿ ಬೇಕು. ನಾಲ್ಕು ಜಿಬಿಯ ಕಂಪ್ಯೂಟರಿಗೆ ಇಪ್ಪತ್ತನಾಲ್ಕು ಕೋಣೆ ಒಂದೇ ಸಲ ತೋರಿಸು ಅಂದರೆ ಅದು ಸ್ವಲ್ಪ ಹೊತ್ತು ಏದುಸಿರು ಬಿಟ್ಟು, ಪರದೆ ಬೆಳ್ಳಗೆ ಮಾಡಿಕೊಂಡು, ಸತ್ತಂತೆ ಬೀಳುತ್ತಿತ್ತು. ನಿನ್ನೆ ಇಡೀ ದಿನ ಅದೇ ಆಯಿತು.

"ಯಾರೂ ತೆಗೆದಿಲ್ಲ ಸೂಜಿ. ಚುಕ್ಕೆ ನೋಡು, ಹಾಗೇ ಇದೆ. ಒಳಗೇ ಏನೋ ಕೆಟ್ಟಿರಬೇಕು."

ಚುಕ್ಕೆ ಅಂದರೆ ಡಾಕ್ಟರ ಚುಕ್ಕೆ. ಬೀದಿ ಮೂಲೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವರನ್ನು ಎಲ್ಲರೂ ಡಾಕ್ಟ್ರು ಅಂತಲೇ ಕರೆಯುತ್ತಿದ್ದರು. ಅವರಿಗೊಂದು ಪದ್ಧತಿಯಿತ್ತು. ಯಾವ ಸಿಪಿಯು ಡಬ್ಬ ತೆಗೆದರೂ ಮುಚ್ಚಿದ ಮೇಲೆ ಬೆನ್ನಿನ ಎರಡು ಸ್ಕ್ರೂಗಳ ತಲೆಗೆ ಹೆಂಡತಿಯ ಉಗುರುಬಣ್ಣ ಒಂದೊಂದು ತೊಟ್ಟು ಇಡುತ್ತಿದ್ದರು. ಒಣಗಿದ ಮೇಲೆ ಸ್ಕ್ರೂ ತಿರುಗಿಸಿದರೆ ಬಣ್ಣ ಒಡೆಯುತ್ತದೆ. 'ಚುಕ್ಕೆ ಒಡೆದಿದ್ರೆ ನನ್ನ ಜವಾಬ್ದಾರಿ ಅಲ್ಲ, ಚುಕ್ಕೆ ಇದ್ರೆ ಒಳಗೆಲ್ಲ ನನ್ನದೇ' ಅನ್ನುವುದು ಅವರ ಮಾತು. ಬೀದಿಯ ಜನಕ್ಕೆ ಆ ಚುಕ್ಕೆ ಅಂದರೆ ಸರ್ಕಾರದ ಮೊಹರು.

ಸೂಜಿ ಟಾರ್ಚನ್ನು ಸಿಪಿಯು ಬೆನ್ನಿಗೆ ಹಿಡಿದಳು. ಎರಡೂ ಚುಕ್ಕೆ ದುಂಡಗೆ, ಒಂದು ಗೀರೂ ಇಲ್ಲದೆ ಇದ್ದವು. ಅಲ್ಲಿಂದ ಟಾರ್ಚನ್ನು ಪಕ್ಕದ ಪ್ರಿಂಟರಿನ ಬೆನ್ನಿಗೆ ತಿರುಗಿಸಿದಳು. ಮೂರು ವಾರದ ಹಿಂದೆ ಮೆಮೊರಿ ಹಾಕಿದ ದಿನವೇ ಡಾಕ್ಟ್ರು ಅದಕ್ಕೂ ಕೈಯಾಡಿಸಿದ್ದರು. ಅದಕ್ಕೂ ಚುಕ್ಕೆ ಇತ್ತು.

ಮತ್ತೆ ಸಿಪಿಯು. ಮತ್ತೆ ಪ್ರಿಂಟರು.

"ಅತ್ತಿಗೆ, ಬಗ್ಗಿ ಇಲ್ಲಿ ನೋಡಿ. ಬಣ್ಣದ ವಿಷಯದಲ್ಲಿ ನಿಮ್ಮ ಕಣ್ಣು ನನಗಿಂತ ಚುರುಕು. ಎರಡೂ ಒಂದೇನಾ?"

ಅತ್ತಿಗೆ ಸೆರಗು ಸಿಕ್ಕಿಸಿಕೊಂಡು ಬಗ್ಗಿದಳು. ನೋಡಿದಳು. ಮತ್ತೆ ನೋಡಿದಳು.

"ಇದು ಒಣಮೆಣಸಿನಕಾಯಿ," ಅಂದಳು ಪ್ರಿಂಟರಿಗೆ ಬೆರಳು ತೋರಿಸಿ. "ಇದು ಟೊಮೇಟೊ."

"ಅಲ್ವಾ? ಒಂದೇ ದಿನ ಇಟ್ಟ ಚುಕ್ಕೆ, ಬಣ್ಣ ಎರಡು. ಯಾರೋ ತೆಗೆದಿದಾರೆ. ತೆಗೆದು, ಮತ್ತೆ ಹೊಸ ಚುಕ್ಕೆ ಇಟ್ಟಿದಾರೆ." ಸೂಜಿ ಮೇಜಿನ ಕೆಳಗಿಂದ ಹೊರಬಂದಳು. ಕೂದಲ ತುಂಬ ಧೂಳು, ಮುಖದ ತುಂಬ ಹಲ್ಲು. ಒಂದು ವರ್ಷದಲ್ಲಿ ಇಷ್ಟು ಖುಷಿಯಾಗಿ ಅವಳನ್ನು ಅತ್ತಿಗೆ ನೋಡಿರಲಿಲ್ಲ. "ಬುಧವಾರದವರೆಗೆ ಫೈಲು ತೆರೀತಿತ್ತು. ಗುರುವಾರ ನೀವು ಇಡೀ ದಿನ ಹೋಟೆಲ್ ಕಟ್ಟೋ ಜಾಗದಲ್ಲಿ. ನಾನು ಬೆಕ್ಕಿನ ಹಿಂದೆ. ಮನೇಲಿ ಯಾರಿದ್ರು?"

"ನಿಮ್ಮಣ್ಣ. ಅವರಿಗೆ ರಜೆ."

"ಕೇಳಿದ್ರಾ?"

"ಬೆಳಿಗ್ಗೆ ಕೇಳಿದೆ. ಇಡೀ ದಿನ ಮಲಗಿದ್ದೆ ಅಂದ್ರು. ಅಂದು, ಎಡಗಾಲಿನ ಬೂಟು ಬಲಗಾಲಿಗೆ ಹಾಕ್ಕೊಂಡು ಡ್ಯೂಟಿಗೆ ಓಡಿದ್ರು."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಅಣ್ಣ ಬಸ್ ಡ್ರೈವರ್. ಸುಳ್ಳು ಹೇಳುವುದರಲ್ಲಿ ಅವನಷ್ಟು ದಡ್ಡ ಇಡೀ ಡಿಪೋದಲ್ಲಿ ಇರಲಿಲ್ಲ.

"ವೈರು ಕಿತ್ಕೊಡಿ," ಅಂದಳು ಸೂಜಿ. "ಇದನ್ನ ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ತೀನಿ."

*

ಡಾಕ್ಟರ ಅಂಗಡಿ ಬೀಗದ ಕೈ ಮಾಡುವವನ ಗೂಡಿಗೂ ಹೂವಿನಂಗಡಿಗೂ ನಡುವೆ ಇತ್ತು. ಮೇಲೆ ಮನೆ, ಕೆಳಗೆ ಅಂಗಡಿ. ಸೂಜಿ ಸಿಪಿಯುವನ್ನು ಮಗುವಿನ ಹಾಗೆ ಸೊಂಟದ ಮೇಲೆ ಇಟ್ಟುಕೊಂಡು ಒಳಗೆ ಬಂದಳು.

ಕೌಂಟರಿನಲ್ಲಿ ಡಾಕ್ಟ್ರ ಹೆಂಡತಿ. ಅವರೇನೂ ವೈದ್ಯಕೀಯ ಓದಿದವರಲ್ಲ, ಆದರೂ ಬೀದಿಗೆಲ್ಲ ಡಾಕ್ಟ್ರಮ್ಮ. ಚಿಲ್ಲರೆ ಎಣಿಸುತ್ತಿದ್ದ ಆ ಕೈಬೆರಳುಗಳ ತುದಿಯಲ್ಲಿ ಹತ್ತು ಟೊಮೇಟೊ.

"ಬಣ್ಣ ಚೆನ್ನಾಗಿದೆ ಡಾಕ್ಟ್ರಮ್ಮ. ಹೊಸದಾ?"

"ಮಂಗಳವಾರ ತಂದೆ ಕಣಮ್ಮ. ಹಳೇದು ನಾನು ಹಚ್ಕೊಂಡಿದ್ದು ಎರಡು ಸಲ. ಉಳಿದದ್ದೆಲ್ಲ ಇವರು ಊರವರ ಡಬ್ಬಗಳಿಗೆ ಹಚ್ಚಿದ್ರು. ಇದನ್ನ ಮುಟ್ಟಿದ್ರೆ ಕೈ ಮುರೀತೀನಿ ಅಂದಿದೀನಿ. ಆದ್ರೂ ಬಾಟ್ಲಿ ಆಗ್ಲೇ ಇಳಿದಿದೆ."

ಒಳಗಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದ ಡಾಕ್ಟ್ರು ತಲೆ ಇನ್ನಷ್ಟು ತಗ್ಗಿಸಿದರು.

ಸೂಜಿ ಸಿಪಿಯುವನ್ನು ಅವರ ಮುಂದೆ, ಬೆನ್ನು ಅವರ ಕಡೆಗಿರುವಂತೆ ಇಟ್ಟಳು.

"ಡಾಕ್ಟ್ರೇ, ಇದನ್ನ ಕೊನೇ ಸಲ ತೆಗೆದದ್ದು ಯಾವಾಗ?"

"ಮೂರು ವಾರ ಆಯ್ತಲ್ಲ ಸೂಜಿಯಮ್ಮ. ನಿಮ್ಮನೆಗೇ ಬಂದು ಮೆಮೊರಿ ಹಾಕ್ಕೊಟ್ಟೆ."

"ಆಮೇಲೆ?"

"ಆಮೇಲೆ ಏನು? ಕುಡಿದು ಬಂದೆ."

"ಟೀ ಕುಡಿದು ಅಂತ ಪೂರ್ತಿ ಹೇಳ್ರೀ," ಅಂದರು ಡಾಕ್ಟ್ರಮ್ಮ ಕೌಂಟರಿನಿಂದ.

"ಟೀನೇ. ಟೀ ಕುಡಿದು ಬಂದೆ."

"ಹಾಗಾದ್ರೆ ಈ ಚುಕ್ಕೆಗಳು ಮೂರು ವಾರದ್ದು."

"ಹೂಂ."

"ಮಂಗಳವಾರ ತಂದ ಬಾಟ್ಲಿಯಿಂದ ಮೂರು ವಾರದ ಹಿಂದೆ ಚುಕ್ಕೆ ಇಟ್ರಾ? ಭಾರಿ ಕೈಚಳಕ ನಿಮ್ಮದು."

ಡಾಕ್ಟ್ರು ಕನ್ನಡಕ ತೆಗೆದು ಒರೆಸಿದರು. ಅದನ್ನು ಒರೆಸುವ ಅಗತ್ಯವೇನೂ ಇರಲಿಲ್ಲ. ಡಾಕ್ಟ್ರಮ್ಮ ಚಿಲ್ಲರೆ ಬಿಟ್ಟು ಎದ್ದು ಬಂದರು. ಚುಕ್ಕೆ ನೋಡಿದರು, ಬೆರಳು ನೋಡಿಕೊಂಡರು, ಗಂಡನನ್ನು ನೋಡಿದರು.

"ಏನ್ರೀ ಇದು?"

"ಸೂಜಿಯಮ್ಮ, ನಾನು ಒಂದು ಮಾತು ಕೊಟ್ಟಿದೀನಿ. ಹೇಳೋ ಹಾಗಿಲ್ಲ."

"ಈ ಡಬ್ಬದಿಂದ ಹದಿನಾರರ ಎರಡು ಕಡ್ಡಿ ಹೋಗಿದೆ ಡಾಕ್ಟ್ರೇ. ಮೇಲೆ ನಿಮ್ಮ ಚುಕ್ಕೆ ಇದೆ. ಚುಕ್ಕೆ ಇದ್ರೆ ಒಳಗೆಲ್ಲ ನನ್ನದೇ ಅಂತ ನೀವೇ ಅನ್ನೋದು. ನಾನು ಈಗ ಹೊರಗೆ ಹೋಗಿ ಹೂವಿನಂಗಡಿಯವರ ಹತ್ರ ಇಷ್ಟೇ ಹೇಳಿದ್ರೆ ಸಾಕು. ಸಂಜೆ ಒಳಗೆ ಬೀದಿಯವರೆಲ್ಲ ಅವರವರ ಡಬ್ಬ ಹೊತ್ಕೊಂಡು ಬಂದು ಇಲ್ಲಿ ನಿಲ್ತಾರೆ."

ಡಾಕ್ಟರ ಮುಖ ಬಿಳಿಚಿತು. ನಟನೆ ಅಲ್ಲ. ಏಳು ವರ್ಷ ಸುಳ್ಳು ಮುಖಗಳನ್ನೇ ನೋಡಿದ್ದ ಸೂಜಿಗೆ ನಿಜವಾದ ಮುಖ ಕಂಡರೆ ಗೊತ್ತಾಗುತ್ತಿತ್ತು. ಈ ಮನುಷ್ಯನಿಗೆ ಕಡ್ಡಿ ಹೋದದ್ದು ಈಗಷ್ಟೇ ತಿಳಿಯಿತು.

"ಹೋಗಿದೆಯಾ?" ಅಂದರು ಅವರು. "ಎರಡೂನಾ? ಇಲ್ಲ, ಇಲ್ಲ. ಗುರುವಾರ ನಾನೇ ನೋಡಿದೆನಲ್ಲ, ಎರಡೂ..."

ಡಾಕ್ಟ್ರು ನಾಲಿಗೆ ಕಚ್ಚಿಕೊಂಡರು.

"ಗುರುವಾರ," ಅಂದಳು ಸೂಜಿ.

"ಮಾತು ಕೊಟ್ಟಿದೀನಿ."

"ಅಣ್ಣನಿಗೆ."

ಡಾಕ್ಟ್ರು ಒಂದು ಕ್ಷಣ ಯೋಚಿಸಿದರು. ಆಮೇಲೆ ಅವರ ಮುಖ ಹಗುರಾಯಿತು. "ನಾನು ಹೇಳಿಲ್ಲ. ನೀವೇ ಹೇಳಿದ್ದು. ಮಾತು ಮುರಿದ ಹಾಗಾಗ್ಲಿಲ್ಲ ಅಲ್ವೇ?"

"ಆಗ್ಲಿಲ್ಲ. ಮುಂದೆ ಹೇಳಿ."

ಮುಂದೆ ಎಲ್ಲ ಹೊಳೆಯಂತೆ ಹರಿದುಬಂತು. ಅಣ್ಣ ಗುರುವಾರ ಬೆಳಿಗ್ಗೆ, ಮನೆಯಲ್ಲಿ ಯಾರೂ ಇಲ್ಲದ್ದು ನೋಡಿಕೊಂಡು, ಸಿಪಿಯುವನ್ನು ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಇಲ್ಲಿಗೆ ತಂದಿದ್ದ. ಅವನಿಗೆ ಬೇಕಾಗಿದ್ದದ್ದು ಗ್ರಾಫಿಕ್ಸ್ ಕಾರ್ಡು. ರಾತ್ರಿ ಊಟವಾದ ಮೇಲೆ ಅವನು ಕಂಪ್ಯೂಟರಿನಲ್ಲಿ ಒಂದು ಆಟ ಆಡುತ್ತಿದ್ದ. ಬಸ್ಸು ಓಡಿಸುವ ಆಟ.

"ಬಸ್ಸು?" ಅಂದರು ಡಾಕ್ಟ್ರಮ್ಮ. "ದಿನವಿಡೀ ಓಡಿಸೋದು ಬಸ್ಸೇ ಅಲ್ವಾ?"

"ಅದನ್ನೇ ನಾನೂ ಕೇಳಿದೆ. ಆಟದ ಬಸ್ಸಿನ ಕನ್ನಡಿಯಲ್ಲಿ ಹಿಂದಿನ ಗಾಡಿ ಮಸುಕು ಮಸುಕಾಗಿ ಕಾಣುತ್ತಂತೆ. ಅಪಾಯ ಅಂದ್ರು."

ಸೂಜಿಗೆ ನಗು ತಡೆಯಲಾಗಲಿಲ್ಲ. "ಹಾಕಿದ್ರಾ?"

"ಇಲ್ಲ. ತೆಗೆದು ನೋಡಿದೆ. ಇದರ ಪವರ್ ಸಪ್ಲೈಗೆ ಅಷ್ಟು ದೊಡ್ಡ ಕಾರ್ಡು ತಡೆಯೋ ಶಕ್ತಿ ಇಲ್ಲ. ಪಾಸ್‌ವರ್ಡ್ ಹಾಕ್ಕೊಡಿ, ಆನ್ ಮಾಡಿ ಇನ್ನೊಂದ್ಸಲ ಪರೀಕ್ಷೆ ಮಾಡಿ ಹೇಳ್ತೀನಿ ಅಂದೆ. ಹಾಕ್ಕೊಟ್ಟು, ಕ್ಷೌರ ಮಾಡಿಸ್ಕೊಂಡು ಬರ್ತೀನಿ ಅಂತ ಹೋದ್ರು. ನಾನು ಊಟ ಮಾಡಿ ಬಂದು ಮುಚ್ಚಿ, ಚುಕ್ಕೆ ಇಟ್ಟು, ಕೊಟ್ಟು ಕಳಿಸಿದೆ."

"ಊಟ ಮಾಡಿ ಬಂದು," ಅಂದಳು ಸೂಜಿ ನಿಧಾನಕ್ಕೆ. "ಆಗ ಡಬ್ಬ ತೆಗೆದೇ ಇತ್ತು, ಈ ಬೆಂಚಿನ ಮೇಲೆ, ಆನ್ ಆಗಿ."

"ಬಂದಾಗ ಆಫ್ ಆಗಿತ್ತು. ಕರೆಂಟು ಹೋಗಿ ಬಂದಿರಬೇಕು ಅಂದ್ಕೊಂಡೆ."

"ಮುಚ್ಚೋವಾಗ ಒಳಗೆ ನೋಡಿದ್ರಾ?"

ಡಾಕ್ಟ್ರು ಸ್ಕ್ರೂಡ್ರೈವರ್ ತೆಗೆದುಕೊಂಡು ತಮ್ಮದೇ ಚುಕ್ಕೆಗಳನ್ನು ಒಡೆದರು. ಟೊಮೇಟೊ ಬಣ್ಣದ ಪುಡಿ ಬೆಂಚಿನ ಮೇಲೆ ಉದುರಿತು. ಪಕ್ಕದ ತಗಡು ಜಾರಿಸಿ ತೆಗೆದರು.

ಮೆಮೊರಿಗೆಂದು ಇದ್ದ ನಾಲ್ಕು ಸ್ಲಾಟುಗಳಲ್ಲಿ ಮೂರು ಖಾಲಿ. ಒಂದರಲ್ಲಿ ನಾಲ್ಕು ಜಿಬಿಯ ಹಳೆಯ ಸಣ್ಣ ಕಡ್ಡಿ. ಅದರ ಮೂಲೆಯಲ್ಲಿ ಬಿಳಿ ಬಣ್ಣದ ಗೀಟು.

"ಇದು ನನ್ನದು," ಅಂದರು ಡಾಕ್ಟ್ರು ತೊದಲುತ್ತ. "ಹಳೇ ಕಡ್ಡಿಗಳ ಡಬ್ಬಿ ಇದೆ ನೋಡಿ ಅಲ್ಲಿ, ಅದರದ್ದು. ಎಲ್ಲಕ್ಕೂ ಬಿಳಿ ಗೀಟು ಹಾಕಿಟ್ಟಿರ್ತೀನಿ."

ಡಬ್ಬಿ ಬೆಂಚಿನ ತುದಿಯಲ್ಲೇ ಇತ್ತು. ಕೈಗೆಟುಕುವಷ್ಟು ಹತ್ತಿರ.

ಅಂದರೆ ಕೆಲಸ ನಡೆದದ್ದು ಇಲ್ಲೇ. ಇದೇ ಬೆಂಚಿನ ಮೇಲೆ, ಡಾಕ್ಟ್ರು ಮೇಲೆ ಕೂತು ಊಟ ಮಾಡುತ್ತಿದ್ದಾಗ. ಕಳ್ಳನಿಗೆ ಡಬ್ಬ ಮುಚ್ಚುವ ಶ್ರಮವೂ ಇರಲಿಲ್ಲ, ಚುಕ್ಕೆ ಇಡುವ ಶ್ರಮವೂ ಇರಲಿಲ್ಲ. ಅದನ್ನು ಡಾಕ್ಟ್ರೇ ಬಂದು, ಒಳಗೆ ಕಣ್ಣೂ ಹಾಯಿಸದೆ, ತಮ್ಮ ಕೈಯಾರೆ ಮಾಡಿಕೊಟ್ಟಿದ್ದರು. ಕಳವಿಗೆ ಮೊಹರು ಒತ್ತಿದ್ದರು.

ಸೂಜಿ ಟಾರ್ಚು ಹಿಡಿದು ಕಡ್ಡಿಯ ಬುಡ ನೋಡಿದಳು. ಸ್ಲಾಟಿನ ಅಂಚಿನಲ್ಲಿ ಏನೋ ಸಣ್ಣ ಸಣ್ಣ ಎಳೆ, ಹಸಿರು ಬಣ್ಣದ್ದು. ಬೆರಳಿಗೆ ಅಂಟಿಸಿಕೊಂಡು ತೆಗೆದಳು. ಉಜ್ಜಿದರೆ ಉರುಳುತ್ತಿತ್ತು.

"ಇದೇನು?"

ಡಾಕ್ಟ್ರು ನೋಡಿದರು. "ರಬ್ಬರ್ ಚೂರು. ಪೆನ್ಸಿಲ್ ಅಳಿಸೋ ರಬ್ಬರ್."

"ಕಂಪ್ಯೂಟರೊಳಗೆ ಪೆನ್ಸಿಲ್ಲಲ್ಲಿ ಬರೆಯೋರು ಯಾರು?"

"ಬರೆಯೋಕಲ್ಲ. ಕಡ್ಡಿಯ ಅಂಚಲ್ಲಿ ಬಂಗಾರದ ಬಣ್ಣದ ಹಲ್ಲುಗಳಿವೆಯಲ್ಲ, ಅದಕ್ಕೆ ಕಿಲುಬು ಹಿಡಿದ್ರೆ ಸಂಪರ್ಕ ಬರಲ್ಲ. ರಬ್ಬರಿನಿಂದ ಉಜ್ಜಿ ಹಾಕೋದು ಒಂದು ಕ್ರಮ. ನಾನು ಮಾಡಲ್ಲ, ಸ್ಪಿರಿಟ್ಟು ಹಚ್ಚಿ ಬ್ರಷ್ಷಲ್ಲಿ ಒರೆಸ್ತೀನಿ. ಚೂರು ಒಳಗೆ ಬೀಳುತ್ತೆ ಅಂತ ನನಗೆ ರಬ್ಬರ್ ಕಂಡ್ರಾಗಲ್ಲ. ಅಂಗಡೀಲಿ ಒಂದೂ ಇಲ್ಲ, ಬೇಕಾದ್ರೆ ಹುಡುಕಿ."

"ಅಂದ್ರೆ ಕದಿಯೋಕೆ ಬಂದೋನು ಜೇಬಲ್ಲಿ ರಬ್ಬರ್ ಇಟ್ಕೊಂಡು ಬಂದ. ಬೇರೆಯವರ ಕಡ್ಡಿ ಕಿತ್ತ. ಹಳೇ ಕಡ್ಡಿ ತಗೊಂಡು, ಶುಚಿಯಾಗಿ ಉಜ್ಜಿ, ಹಾಕಿಟ್ಟು ಹೋದ."

"ಕೈಗೆ ಅಭ್ಯಾಸ ಆಗಿರೋರು ಹಾಗೇ. ಉಜ್ಜದೆ ಹಾಕೋಕೆ ಮನಸ್ಸೇ ಬರಲ್ಲ." ಡಾಕ್ಟ್ರು ತಮಗೇ ತಿಳಿಯದೆ ತುಸು ಮೆಚ್ಚುಗೆಯಿಂದಲೇ ಹೇಳಿದರು. "ಕೆಲಸಗಾರ."

"ಹೊಗಳಬೇಡಿ. ಅಂಗಡಿ ಬಿಟ್ಟು ಊಟಕ್ಕೆ ಹೋದ್ರಲ್ಲ, ಬಾಗಿಲು ಹಾಕಿರಲಿಲ್ವಾ?"

ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಚಾವಣಿ ನೋಡಿದರು.

"ಹಾಕಿರಲಿಲ್ಲ," ಅಂದರು ಡಾಕ್ಟ್ರಮ್ಮ. "ಒಬ್ಬರು ಕೂತಿದ್ರು."

"ಯಾರು?"

"ಗಿರಾಕಿ."

"ಗಿರಾಕೀನ ಕಾವಲಿಗೆ ಕೂರಿಸಿ ಊಟಕ್ಕೆ ಹೋದ್ರಾ?"

"ನಾವು ಕೂರಿಸಲಿಲ್ಲಮ್ಮ, ಅವರೇ ಅಂದ್ರು. ನೀವು ಹೋಗ್ಬನ್ನಿ, ಊಟ ಆರಿಹೋಗುತ್ತೆ, ನಾನು ನೋಡ್ಕೋತೀನಿ ಅಂತ. ಎಷ್ಟು ಒಳ್ಳೇ ಮಾತು! ನಮ್ಮ ಊಟ ಆರುತ್ತೆ ಅಂತ ಚಿಂತೆ ಮಾಡಿದೋರು ಈ ಬೀದೀಲಿ ಯಾರಿದಾರೆ?" ಡಾಕ್ಟ್ರಮ್ಮನ ಧ್ವನಿ ಕೊನೆಗೆ ಸಣ್ಣದಾಯಿತು. "ಮೌಸ್ ಬೇಕು ಅಂತ ಬಂದಿದ್ರು. ಇಸ್ತ್ರಿ ಮಾಡಿದ ಅಂಗಿ. ಗಡಿಯಾರ ಬಲಗೈಗೆ. ನಾವು ಇಳಿದು ಬರೋ ಹೊತ್ತಿಗೆ, ಮೌಸ್ ಕೈಗೆ ಹೊಂದಲ್ಲ ಅಂತ ಬಿಟ್ಟು ಹೋದ್ರು."

"ಬೇರೆ ಏನಾದ್ರೂ ಕೇಳಿದ್ನಾ?"

ಡಾಕ್ಟ್ರಮ್ಮ ನೆನಪು ಮಾಡಿಕೊಂಡರು. "ಬೆಂಚಿನ ಮೇಲಿರೋದು ಆ ಬಸ್ ಡ್ರೈವರ್ ಮನೇದಾ ಅಂದ್ರು. ಹೂಂ ಅಂದೆ."

ಸೂಜಿಯ ಬೆನ್ನ ಮೇಲೆ ತಣ್ಣಗೆ ಏನೋ ಹರಿದಂತಾಯಿತು. ಖುಷಿಯ ಚಳಿ ಅದು, ಪತ್ತೇದಾರರಿಗೆ ಮಾತ್ರ ಬರುವಂಥದ್ದು. ಆದರೂ ಅದರೊಳಗೆ ಒಂದು ಮುಳ್ಳು ಇತ್ತು.

ಅವಳು ತಿರುಗಿ ನೋಡಿದಳು. ಬೆಂಚಿನಿಂದ ಎರಡು ಹೆಜ್ಜೆಗೆ ಗಾಜಿನ ಕಪಾಟು. ಒಳಗೆ ಹೊಸ ಮೆಮೊರಿ ಕಡ್ಡಿಗಳು, ಪ್ಯಾಕು ಒಡೆಯದವು, ಸಾಲಾಗಿ. ಕಪಾಟಿಗೆ ಬೀಗವಿರಲಿಲ್ಲ.

"ಇದರಲ್ಲಿ ಏನಾದ್ರೂ ಹೋಗಿದೆಯಾ?"

ಡಾಕ್ಟ್ರು ಎಣಿಸಿದರು. "ಎಲ್ಲ ಇದೆ."

ಮೆಮೊರಿ ಬೇಕಾದವನು ಕಪಾಟಿಗೆ ಕೈ ಹಾಕುತ್ತಾನೆ. ಬೆಂಚಿನ ಮೇಲಿನ ಡಬ್ಬ ಯಾರದ್ದು ಎಂದು ಕೇಳಿ, ಅದರಿಂದಲೇ ಕಿತ್ತು, ಬದಲಿಗೆ ಚಿಕ್ಕದೊಂದು ಹಾಕಿಟ್ಟು ಹೋಗುವುದಿಲ್ಲ. ಚಿಕ್ಕದು ಯಾಕೆ ಹಾಕಿದ? ಏನೂ ಹಾಕದಿದ್ದರೆ ಕಂಪ್ಯೂಟರ್ ಆನ್ ಆಗುತ್ತಿರಲಿಲ್ಲ. ಮನೆಗೆ ಹೋದ ಕೂಡಲೇ ಗೊತ್ತಾಗುತ್ತಿತ್ತು, ಅದೇ ಸಂಜೆ ಡಾಕ್ಟರ ಕೈಗೆ ವಾಪಸು ಬರುತ್ತಿತ್ತು. ಅವನಿಗೆ ಅದು ಬೇಡವಾಗಿತ್ತು. ಕಂಪ್ಯೂಟರ್ ಬದುಕಿರಬೇಕು, ಕೆಲಸಕ್ಕೆ ಮಾತ್ರ ಬರಬಾರದು.

"ಡಾಕ್ಟ್ರೇ," ಅಂದಳು, "ಹದಿನಾರರ ಎರಡು ಕಡ್ಡಿ ಕೈಗೆತ್ಕೊಳ್ಳಿ. ಬನ್ನಿ ನಮ್ಮನೆಗೆ."

"ಈಗಲೇ?"

"ಚುಕ್ಕೆ ಇದ್ರೆ ಒಳಗೆಲ್ಲ ನಿಮ್ಮದೇ ಅಲ್ವಾ?"

ಡಾಕ್ಟ್ರು ಚಪ್ಪಲಿ ಹುಡುಕತೊಡಗಿದರು. ಡಾಕ್ಟ್ರಮ್ಮ ಅಂಗಡಿಯ ಬಾಗಿಲಿಗೆ, ಬಹುಶಃ ಮೊದಲ ಸಲ, ಬೀಗ ಹಾಕಿದರು.

*

ಮನೆಗೆ ಬಂದಾಗ ಅಣ್ಣ ಡ್ಯೂಟಿ ಮುಗಿಸಿ ಬಂದಿದ್ದ. ಸಿಪಿಯು ಹೊತ್ತ ತಂಗಿ, ಹಿಂದೆ ಡಾಕ್ಟ್ರು. ಅಷ್ಟು ನೋಡಿದ್ದೇ ಅವನು ಬಚ್ಚಲಮನೆ ಕಡೆ ಹೊರಟ.

"ಏನ್ರೀ," ಅಂದಳು ಅತ್ತಿಗೆ. "ನಿಂತ್ಕೊಳ್ಳಿ."

ನಿಂತ. ಬಸ್ಸು ನಿಂತ ಹಾಗೆಯೇ, ಒಂದು ಸಣ್ಣ ನಿಟ್ಟುಸಿರಿನೊಂದಿಗೆ.

"ನಾನು ಒಂದಕ್ಷರ ಹೇಳಿಲ್ಲ," ಅಂದರು ಡಾಕ್ಟ್ರು ಮೊದಲೇ.

ಅಣ್ಣ ಎಲ್ಲ ಒಪ್ಪಿಕೊಂಡ. ಬೆಡ್‌ಶೀಟಿನ ವಿಷಯ, ಗ್ರಾಫಿಕ್ಸ್ ಕಾರ್ಡಿನ ವಿಷಯ, ಕ್ಷೌರದ ವಿಷಯ. ಅತ್ತಿಗೆ ಕೈ ಕಟ್ಟಿಕೊಂಡು ಕೇಳಿದಳು.

"ಬೆಳಗಿಂದ ಸಂಜೆವರೆಗೆ ಬಸ್ಸು. ಮನೆಗೆ ಬಂದ್ರೂ ಬಸ್ಸು. ನಿಮಗೆ ಬೇಜಾರೇ ಆಗಲ್ವಾ?"

"ಅದರಲ್ಲಿ ಜನ ಬೈಯಲ್ಲ ಕಣೇ," ಅಂದ ಅಣ್ಣ. "ಚಿಲ್ಲರೆ ಇಲ್ಲ ಅಂತ ಜಗಳ ಇಲ್ಲ. ಎಲ್ಲರೂ ಸುಮ್ಮನೆ ಹತ್ತುತ್ತಾರೆ, ಸುಮ್ಮನೆ ಇಳೀತಾರೆ. ಎಷ್ಟು ಹಿತ ಗೊತ್ತಾ?"

ಅತ್ತಿಗೆಗೆ ಬೈಯಬೇಕೋ ನಗಬೇಕೋ ತಿಳಿಯಲಿಲ್ಲ. ಎರಡನ್ನೂ ಸೋಮವಾರದ ಆಚೆಗೆ ಮುಂದೂಡಿದಳು.

ಡಾಕ್ಟ್ರು ಡಬ್ಬವನ್ನು ಮಗ್ಗುಲಾಗಿ ಮಲಗಿಸಿದರು. ಕೈಯನ್ನು ಮೊದಲು ಡಬ್ಬದ ಕ‍ಬ್ಬಿಣಕ್ಕೆ ಮುಟ್ಟಿಸಿದರು, ಮೈಮೇಲಿನ ಚೂರುಪಾರು ವಿದ್ಯುತ್ತು ಕಡ್ಡಿಗೆ ಹರಿಯದಿರಲಿ ಎಂದು. ಹಳೆಯ ಕಡ್ಡಿ ತೆಗೆದರು. ರಬ್ಬರ್ ಚೂರುಗಳನ್ನು ಬ್ರಷ್ಷಿನಿಂದ ಗುಡಿಸಿದರು, ಸೂಜಿ ಅವನ್ನು ಕಾಗದದಲ್ಲಿ ಪೊಟ್ಟಣ ಕಟ್ಟಿಟ್ಟುಕೊಂಡಳು. ಆಮೇಲೆ ಒಂದೇ ಬಣ್ಣದ ಎರಡು ಸ್ಲಾಟುಗಳನ್ನು ಆರಿಸಿಕೊಂಡು, ಕೊಕ್ಕೆಗಳನ್ನು ಹಿಂದಕ್ಕೆ ಮಡಚಿ, ಕಡ್ಡಿಯ ನಡುವಿನ ಕಚ್ಚನ್ನು ಸ್ಲಾಟಿನ ಉಬ್ಬಿಗೆ ಸರಿಯಾಗಿ ಕೂರಿಸಿ, ಎರಡೂ ತುದಿಯಲ್ಲಿ ಹೆಬ್ಬೆರಳಿಟ್ಟು ಒತ್ತಿದರು.

ಟಕ್. ಟಕ್. ಕೊಕ್ಕೆಗಳು ತಾವಾಗಿಯೇ ಬಂದು ಕಚ್ಚಿಕೊಂಡವು.

ಇನ್ನೊಂದು. ಟಕ್. ಟಕ್.

"ಇಷ್ಟೇನಾ?" ಅಂದ ಅಣ್ಣ. "ಟೈರ್ ಬದಲಿಸೋಕಿಂತ ಸುಲಭ."

"ಕೀಳೋದು ಇದಕ್ಕಿಂತ ಸುಲಭ," ಅಂದಳು ಸೂಜಿ.

ವೈರು ಸಿಕ್ಕಿಸಿ ಗುಂಡಿ ಒತ್ತಿದರು. ಪರದೆ ಬೆಳಗಿತು. ಅತ್ತಿಗೆ ಕುರ್ಚಿ ಎಳೆದುಕೊಂಡು ಕೂತು, ಮೆಮೊರಿ ಎಷ್ಟಿದೆ ನೋಡಿದಳು. ಮೂವತ್ತೆರಡು.

"ಮೂವತ್ತೆರಡು!" ಅಣ್ಣ ಚಪ್ಪಾಳೆ ತಟ್ಟಿದ. ಡಾಕ್ಟ್ರು ಬೆವರು ಒರೆಸಿಕೊಂಡರು. ಅತ್ತಿಗೆ ಎದ್ದು ಬಂದು, ಧೂಳು ಮೆತ್ತಿದ್ದ ಸೂಜಿಯ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದಳು. ಅದು ಅವಳ ಮುದ್ದಿನ ಪದ್ಧತಿ. "ನಿನ್ನ ಬೋರ್ಡಿಗೆ ಹೊಸ ಬಣ್ಣ ಬಳಿಸ್ತೀನಿ ಕಣೇ. ಒಣಮೆಣಸಿನಕಾಯಿ ಬಣ್ಣ."

ಸೂಜಿ ನಗಲಿಲ್ಲ. "ಅತ್ತಿಗೆ, ಫೈಲು ತೆರೀರಿ."

"ತೆರೀತೀನಿ. ಮೊದಲು ಎಲ್ಲರಿಗೂ ಟೀ..."

"ಟೀ ಆಮೇಲೆ. ತೆರೀರಿ."

ಅತ್ತಿಗೆ ಅವಳ ಮುಖ ನೋಡಿ ಕೂತಳು. ಫೈಲಿನ ಮೇಲೆ ಒತ್ತಿದಳು. ಕಂಪ್ಯೂಟರ್ ಈ ಸಲ ಏದುಸಿರು ಬಿಡಲಿಲ್ಲ. ನೋಡನೋಡುತ್ತ ಹೋಟೆಲು ಪರದೆಯ ಮೇಲೆ ಎದ್ದು ನಿಂತಿತು. ಬಾಗಿಲು, ಮೆಟ್ಟಿಲು, ಉದ್ದನೆಯ ಓಣಿ, ಎರಡೂ ಕಡೆ ಕೋಣೆಗಳು.

"ಅಬ್ಬಾ, ಎಷ್ಟು ದೊಡ್ಡದಾಗಿ ಕಾಣ್ತಿದೆ," ಅಂದ ಅಣ್ಣ, ನಿಜವಾದ ಮೆಚ್ಚುಗೆಯಿಂದ. "ಒಳ್ಳೆ ಗಾಳಿ ಬೆಳಕು."

ಅತ್ತಿಗೆ ಮೊದಲ ಕೋಣೆಗೆ ಹೋದಳು. ಗೋಡೆ ಇತ್ತು, ಕಿಟಕಿ ಇತ್ತು. ಎರಡನೆಯದಕ್ಕೆ ಹೋದಳು. ಮೂರನೆಯದಕ್ಕೆ. ಅಲ್ಲಿಂದ ಅವಳ ಕೈ ಬೇಗ ಬೇಗ ಓಡತೊಡಗಿತು. ಓಣಿಯುದ್ದಕ್ಕೂ ಬಾಗಿಲು ತೆರೆಯುತ್ತ, ಇಣುಕುತ್ತ, ಮುಂದಿನದಕ್ಕೆ ಹೋಗುತ್ತ. ಕೊನೆಯ ಕೋಣೆಗೆ ಬಂದು ನಿಂತಿತು.

ಎಲ್ಲ ಕೋಣೆಗಳೂ ಬರಿದು. ಇನ್ನೂ ಕಟ್ಟಿ ಮುಗಿಯದ ಹೋಟೆಲಿಗೆ ಯಾರೋ ಕನ್ನ ಹಾಕಿ ಒಂದು ಕುರ್ಚಿಯನ್ನೂ ಬಿಡದೆ ಸಾಗಿಸಿದ್ದರು.

"ಕೊನೇ ಸಲ ಉಳಿಸಿದ್ದು ಯಾವಾಗ ಅಂತ ತೋರಿಸ್ತಿದೆ?" ಅಂದಳು ಸೂಜಿ.

"ಗುರುವಾರ ಮಧ್ಯಾಹ್ನ." ಅತ್ತಿಗೆಯ ಧ್ವನಿ ಚಪ್ಪಟೆಯಾಗಿತ್ತು. "ಗುರುವಾರ ನಾನಿಲ್ಲ."

"ಕಾಪಿ ಇಟ್ಟಿದ್ರಾ?"

"ಇಟ್ಟಿದ್ದೆ. ಇದರಲ್ಲೇ, ಪಕ್ಕದ ಫೋಲ್ಡರಲ್ಲಿ." ಅದನ್ನೂ ತೆರೆದಳು. ಫೋಲ್ಡರಿನಲ್ಲಿ ಏನೂ ಇರಲಿಲ್ಲ.

ಡಾಕ್ಟ್ರು ಗೋಡೆಗೆ ಒರಗಿದರು. 

"ಮೆಮೊರಿ ಕದ್ದದ್ದು ಮೆಮೊರಿಗೋಸ್ಕರ ಅಲ್ಲ ಅತ್ತಿಗೆ," ಅಂದಳು ಸೂಜಿ. "ಮೆಮೊರಿ ಇದ್ದಿದ್ರೆ ನೀವು ಶುಕ್ರವಾರ ಬೆಳಿಗ್ಗೆನೇ ಈ ಫೈಲು ತೆರೆದು ನೋಡಿರ್ತಿದ್ರಿ. ತೆರೀಬಾರದು, ಅದಕ್ಕೇ ಕಿತ್ತ. ಸೋಮವಾರ ಹೋಟೆಲಿನವರ ಮುಂದೆ ನಿಂತಾಗಲೇ ನಿಮಗೆ ಗೊತ್ತಾಗಲಿ ಅಂತ."

"ಹಾಗಾದ್ರೆ ನನ್ನ ಸಾಮಾನೆಲ್ಲ?"

"ಅಂಗಡೀಲಿ ಗಿರಾಕಿ ಅಂತ ಕೂತಿದ್ದನಲ್ಲ, ಅವನ ಹತ್ರ. ಪಾಸ್‌ವರ್ಡ್ ಹಾಕಿ ಆನ್ ಮಾಡಿಟ್ಟಿದ್ರು, ಎಲ್ಲ ಕಾಪಿ ಮಾಡ್ಕೊಂಡು ಇಲ್ಲಿಂದ ಅಳಿಸಿ ಹೋದ. ಸೋಮವಾರ ಅದನ್ನೇ ಬೇರೆ ಯಾರೋ ಅಲ್ಲಿ ತೋರಿಸ್ತಾರೆ."

ಅತ್ತಿಗೆ ಅಳಲಿಲ್ಲ. ಪರದೆಯ ಮೇಲಿನ ಖಾಲಿ ಕೋಣೆಯನ್ನು ನೋಡುತ್ತ ಕೂತು, ಅಂಗಡಿಯ ಕೌಂಟರಿನಲ್ಲಿ ಹತ್ತು ವರ್ಷ ಸರಕು ಎಣಿಸಿಕೊಟ್ಟ ಅದೇ ಧ್ವನಿಯಲ್ಲಿ, ಕಳವಾದದ್ದನ್ನು ಒಂದೊಂದಾಗಿ ಹೇಳತೊಡಗಿದಳು. ಸೂಜಿ ಬರೆದುಕೊಂಡಳು.

ಮಂಚ, ನಲವತ್ತೆಂಟು. ಕಪಾಟು, ಇಪ್ಪತ್ತನಾಲ್ಕು. ಮೇಜು, ಇಪ್ಪತ್ತನಾಲ್ಕು. ಕುರ್ಚಿ, ನಲವತ್ತೆಂಟು. ಕನ್ನಡಿ, ಇಪ್ಪತ್ತನಾಲ್ಕು. ಕೆಳಗೆ, ಬಾಗಿಲ ಎದುರಿನ ದೊಡ್ಡ ಕೌಂಟರು, ಒಂದು.